ಎಡತೋಳು

"ನೀನು ಮೊದಲ ಸಲ ಪಂದ್ಯದಲ್ಲಿ ಓಡೋ ದಿನ ನಿನ್ನ ಅಂಗಿ ನಾನೇ ಹೊಲೀತೀನಿ" ಎಂದು ತಾಯಿ ಮಾತು ಕೊಟ್ಟಾಗ ಮಗಳಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಈಗ ಆ ದಿನ ಬಂದಿತ್ತು; ಹೈಸ್ಕೂಲಿನ ಹೊಸ ಡ್ರೆಸ್ಸಿಂಗ್ ರೂಮಿನಲ್ಲಿ, ಆಳೆತ್ತರದ ಕನ್ನಡಿಯ ಮುಂದೆ, ಮಗಳ ಜೆರ್ಸಿಗೆ ಸೂಜಿ ಹಿಡಿದು ಕೂತಿದ್ದಳು. ಈ ಕೋಣೆ ಕಟ್ಟಿಸಲೆಂದೇ ಕ್ರೀಡಾ ಶುಲ್ಕ ದುಪ್ಪಟ್ಟಾಗಿತ್ತು. ಶಾಲೆಯದೇ ಜೆರ್ಸಿಯ ಬೆಲೆಯೂ ಅದೇ ಶುಲ್ಕದಲ್ಲಿ ಸೇರಿತ್ತು. ಮನೆಯಲ್ಲಿ ಹೊಲಿದದ್ದು ನಡೆಯದು ಎಂದು ಕೋಚ್ ಕಡ್ಡಿ ಮುರಿದಂತೆ ಹೇಳಿದ್ದರು. ಕೊಟ್ಟ ಜೆರ್ಸಿಯೋ, ಬರೀ ದೊಗಳೆ.

"ಬೇಗ ಅಮ್ಮಾ! ಇದರೊಳಗೆ ಇನ್ನೊಬ್ಬಳೂ ಓಡಬಹುದು ಅಂತ ಎಲ್ಲರೂ ನಗ್ತಿದಾರೆ."

ತೋಳಿನ ಅಂಚು ಮಗುಚಿದ ತಾಯಿಯ ಕೈ ಅಲ್ಲೇ ನಿಂತಿತು. ಎಡತೋಳಿನಲ್ಲಿ ಹೊಲಿಗೆ ಮುಗಿಯುವ ಕಡೆ ದಾರ ಮೂರು ಸಲ ಹಿಂದೆಮುಂದೆ ಓಡಿತ್ತು. ಗಾರ್ಮೆಂಟ್ಸಿನಲ್ಲಿ ದಿನವಿಡೀ ಎಡತೋಳಿನ ಅಂಚು ಹೊಲಿಯುವುದೇ ಅವಳ ಕೆಲಸ. ಅಲ್ಲಿ ತೋಳುಗಳಷ್ಟೇ ಕಟ್ಟುಗಟ್ಟಲೆ ಬರುತ್ತವೆ. ಪೂರ್ತಿ ಅಂಗಿಯನ್ನು ಅವಳು ಕಂಡವಳಲ್ಲ. "ಎರಡು ಸಲ ಸಾಕು, ದಾರ ನಿಮ್ಮಪ್ಪನ ಮನೆ ಗಂಟಾ?" ಎಂದು ಸೂಪರ್‌ವೈಸರ್ ಬೈದರೂ ಮೂರು ಸಲ ಓಡಿಸುವವಳು ಇಡೀ ಫ್ಯಾಕ್ಟರಿಯಲ್ಲಿ ಅವಳೊಬ್ಬಳೇ. ಬಲತೋಳು ತಿರುವಿ ನೋಡಿದಳು. ಅಲ್ಲಿ ಎರಡೇ.

ಹಾಗಾದರೆ ಕೂಲಿಗೆ ತಾನು ಹೊಲಿದದ್ದನ್ನು ಶುಲ್ಕ ಕಟ್ಟಿ ತಾನೇ ಕೊಂಡಳೇ? ನಗಬೇಕೋ ಅಳಬೇಕೋ ತಿಳಿಯದೆ ಕೊನೆಯ ಹೊಲಿಗೆ ಹಾಕಿ ದಾರ ಕಚ್ಚಿದಳು.

"ಏನಮ್ಮಾ, ದೆವ್ವ ಕಂಡವಳ ಹಾಗೆ?"

"ಇದು ನಾನೇ ಹೊಲಿದದ್ದು ಕಣೇ."

"ಮತ್ತೆ? ಇಷ್ಟು ಹೊತ್ತು ನೋಡ್ತಾನೇ ಇದ್ದೆನಲ್ಲ!" ಮಗಳು ಜೆರ್ಸಿ ಕಿತ್ತುಕೊಂಡು ತೊಟ್ಟು ಮೈದಾನಕ್ಕೆ ಓಡಿದಳು.

ಒಂದು ತೋಳಿನ ಮಟ್ಟಿಗೆ ತಾಯಿ ಮಾತು ಉಳಿಸಿಕೊಂಡಿದ್ದಳು.