ಹದಿನೇಳನೇ ಬಾವಿ

ಹದಿನೇಳನೇ ಬಾವಿಯ ಅಳತೆ ಸುಳ್ಳು. ಕನಕರಾಜ್ ಮೇಷ್ಟ್ರಿಗೆ ಅದು ಮೊದಲ ನೋಟಕ್ಕೇ ಗೊತ್ತಾಗಿಹೋಯಿತು. ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವರಿಗೆ ಸುಳ್ಳು ಹಿಡಿಯುವ ಮೂಗು ತಾನಾಗಿಯೇ ಬಂದಿರುತ್ತದೆ ಅನ್ನುತ್ತಾರಲ್ಲ, ಹಾಗೇ ಇರಬೇಕು. ಅವರು ಹಾಳೆ ಮಗುಚಿದರು, ಕೆಮ್ಮಿದರು, ಕಿಟಕಿಯಾಚೆ ಕಾಣುವ ಕೋಟೆಯ ಗುಡ್ಡ ನೋಡಿದರು. ವೈವಾ ತೆಗೆದುಕೊಳ್ಳಲು ಬೇರೆ ವಿಶ್ವವಿದ್ಯಾಲಯದಿಂದ ಬಂದು ಪಕ್ಕದಲ್ಲಿ ಕೂತಿದ್ದ ಯಶೋದಾ ಮೇಡಂಗೆ ಇನ್ನೂ ಗೊತ್ತಾಗಿರಲಿಲ್ಲ.

ಎದುರಿಗೆ ಸೊಹೈಲ್, ಎಂ.ಎ. ಕೊನೆಯ ವರ್ಷ. ಇಪ್ಪತ್ತೈದು ವರ್ಷದ ಹಿಂದೆ ಕನಕರಾಜ್ ತಮ್ಮ ಡಾಕ್ಟರೇಟ್ ಪ್ರಬಂಧಕ್ಕೆಂದು ಜವನಗೊಂಡನಹಳ್ಳಿಯ ಸುತ್ತ ಇಪ್ಪತ್ಮೂರು ತೆರೆದ ಬಾವಿಗಳ ನೀರಿನ ಮಟ್ಟ ಬರೆದಿಟ್ಟಿದ್ದರು. ಅದೇ ಬಾವಿಗಳಿಗೆ ಮತ್ತೆ ಟೇಪು ಇಳಿಬಿಟ್ಟು, ನೀರು ಎಷ್ಟು ಕೆಳಗೆ ಹೋಗಿದೆ ಎಂದು ನೋಡುವುದು ಸೊಹೈಲನ ಫೀಲ್ಡ್ ವರ್ಕು. ಕೆಲಸ ಅಚ್ಚುಕಟ್ಟಾಗಿತ್ತು. ಹೊಸದುರ್ಗದ ಒಂದು ಸಂಸ್ಥೆ ಜಲಸಮೀಕ್ಷೆಯ ಕೆಲಸಕ್ಕೆ ಅವನನ್ನು ತೆಗೆದುಕೊಳ್ಳಲು ಒಪ್ಪಿತ್ತು, ಸೋಮವಾರದೊಳಗೆ ಪಾಸಾದ ಕಾಗದ ತಂದರೆ. ಸಂತೇಪೇಟೆಯಲ್ಲಿ ವಾಚು ರಿಪೇರಿ ಮಾಡುವ ಅವನಪ್ಪ ಕರೀಂ ಸಾಬ್ ಆಗಲೇ ಬೀದಿಗೆಲ್ಲ ಹೇಳಿಬಿಟ್ಟಿದ್ದರು.

ಆದರೆ ಫೀಲ್ಡ್ ವಿಷಯದಲ್ಲಿ ಕನಕರಾಜ್ ಯಮ. ಕಾಲಿಗೆ ಧೂಳು ಹತ್ತದೆ ತಲೆಗೆ ಭೂಗೋಳ ಹತ್ತಲ್ಲ ಅನ್ನುವುದು ಅವರ ಮಾತು. ಪ್ರತಿ ವರ್ಷ ಹುಡುಗ ಹುಡುಗಿಯರನ್ನು ಜೋಗಿಮಟ್ಟಿಗೆ ಹತ್ತಿಸಿ, ವಾಣಿವಿಲಾಸ ಸಾಗರದ ದಂಡೆಯಲ್ಲಿ ಚಪ್ಪಲಿ ಸವೆಯುವ ತನಕ ನಡೆಸುತ್ತಿದ್ದರು. ಟೇಪು ಇಳಿಬಿಡದೆ ಅಂಕಿ ಬರೆದವರಿಗೆ ಫೀಲ್ಡ್ ವರ್ಕಿನಲ್ಲಿ ಸೊನ್ನೆ ಎಂದು ವಿಭಾಗದಲ್ಲಿ ನಿಯಮ ತಂದವರೂ ಅವರೇ. ಅದರಿಂದ ಮೂವರು ಈಗಾಗಲೇ ಒಂದೊಂದು ವರ್ಷ ಕಳೆದುಕೊಂಡಿದ್ದರು. ಅದೊಂದು ವಿಷಯದಲ್ಲಿ ಅವರಿಗೆ ಯಾಕಷ್ಟು ಸಿಟ್ಟು ಎಂದು ಯಾರೂ ಕೇಳಿರಲಿಲ್ಲ.

ಈಗ ಸೊಹೈಲನ ಸರದಿ. ಕನಕರಾಜ್‌ಗೆ ತಪ್ಪು ತಮ್ಮದೇ ಅನ್ನಿಸಿತು. ಹೊಳಲ್ಕೆರೆ ಕಡೆ ಕೆರೆಗಳಿವೆ, ಅಲ್ಲಿಗೆ ಹೋಗಪ್ಪ ಎಂದು ಮೊದಲೇ ಹೇಳಿ ನೋಡಿದ್ದರು, ಹುಡುಗ ಕೇಳಲಿಲ್ಲ. ಮೊದಲ ದಿನ ನೀವೂ ಬರ್ರಿ ಸರ್, ನೀವು ಅಳೆದ ಬಾವಿನ ನೀವೇ ತೋರಿಸ್ರಿ ಎಂದು ಗೋಗರೆದಿದ್ದ. ಮಂಡಿನೋವು ಎಂದು ಇವರು ಜಾರಿಕೊಂಡಿದ್ದರು. ಅವತ್ತು ಜೊತೆಗೆ ಹೋಗಿದ್ದರೆ ಇವತ್ತು ಈ ಪಾಡು ಇರುತ್ತಿರಲಿಲ್ಲ. ಮೇಡಂ ನೋಡದೆ ದಾಟಿಬಿಡಲಿ ಎಂದು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದರು.

ದೇವರು ಕೇಳಲಿಲ್ಲ. ಮೇಡಂ ಫೋಟೋಗಳನ್ನು ಎಣಿಸಿದರು. ಬಾವಿ ಇಪ್ಪತ್ಮೂರು, ಫೋಟೋ ಇಪ್ಪತ್ತೆರಡು. ಹದಿನೇಳನೆಯದು ಎಲ್ಲಿ ಎಂದು ಕೇಳಿದರು. ಮೊಬೈಲು ಚಾರ್ಜ್ ಮುಗಿದಿತ್ತು ಅಂದ ಸೊಹೈಲ್. ಅದೇ ದಿನದ ಹದಿನೆಂಟು, ಹತ್ತೊಂಬತ್ತರ ಫೋಟೋ ಇವೆಯಲ್ಲ ಅಂದರು ಮೇಡಂ. ಅಲ್ಲಿಗೆ ಅವನ ಸುಳ್ಳಿನ ಬಂಡವಾಳ ಮುಗಿಯಿತು.

ತಲೆ ತಗ್ಗಿಸಿ ಎಲ್ಲ ಹೇಳಿದ. ಆ ಬಾವಿಗಾಗಿ ಮೂರು ದಿನ ಅಲೆದಿದ್ದ. ರಸ್ತೆಗೆ ಮುಚ್ಚಿರಬೇಕು ಅಂದರು ಒಬ್ಬರು, ಆಚೆ ಹೊಲದಲ್ಲಿ ನೋಡು ಅಂದರು ಇನ್ನೊಬ್ಬರು. ಜಂಬಣ್ಣ ಅನ್ನುವ ಮುದುಕರು ಬಿಸಿಲಲ್ಲಿ ಜೊತೆಗೇ ಸುತ್ತಿ, ಸಿಗದೆ, ಮಜ್ಜಿಗೆ ಕುಡಿಸಿ ಕಳಿಸಿದ್ದರು. ಸರ್ ಪ್ರಬಂಧದಲ್ಲಿ ಎಲ್ಲ ಇತ್ತು: ಕಲ್ಲಿನ ಕಟ್ಟೆ, ಹನ್ನೆರಡು ಮೆಟ್ಟಿಲು, ಪಕ್ಕಕ್ಕೊಂದು ಹುಣಸೆಮರ. ಕೊನೆಗೆ ಅಕ್ಕಪಕ್ಕದ ಬಾವಿಗಳಲ್ಲಿ ನೀರು ಎಷ್ಟು ಇಳಿದಿತ್ತೋ ಅಷ್ಟನ್ನು ಸರ್ ಅಳತೆಗೆ ಸೇರಿಸಿ ಬರೆದುಬಿಟ್ಟಿದ್ದ.

"ಸಿಗಲಿಲ್ಲ ಅಂತ ಬರೆಯೋದಕ್ಕೆ ಏನಾಗಿತ್ತು?" ಮೇಡಂ ಕೇಳಿದರು.

"ಹೆಂಗ್ ಬರೀಲಿ ಮೇಡಂ? ಸರ್ ಕಣ್ಣಾರೆ ನೋಡಿ ಬರ್ದಿರೋ ಬಾವಿ. ನನಗೆ ಸಿಕ್ಕಿಲ್ಲ ಅಂದ್ರೆ ಹುಡುಕೋದು ನನಗೇ ಬರಲಿಲ್ಲ ಅಂತ ತಾನೆ."

ಮೇಡಂ ಕೆಟ್ಟವರೇನಲ್ಲ. ಅವರ ಮುಖವೂ ಚಿಕ್ಕದಾಯಿತು. ಮುಚ್ಚಿಹೋದ ಬಾವಿಗೆ ನೀರಿನ ಅಳತೆ ಬರೆದರೆ ಬಿಡಲಾಗುತ್ತದೆಯೇ, ನಿಯಮ ನಿಮ್ಮದೇ ಅಲ್ಲವೇ ಸರ್ ಎಂದು ಅಂಕಪಟ್ಟಿಯನ್ನು ಕನಕರಾಜ್ ಮುಂದೆ ಸರಿಸಿದರು. ಸೊನ್ನೆ ಬರೆದು ಸಹಿ ಹಾಕಿದ್ದರು. ಇವರದೊಂದು ಸಹಿ ಬಿದ್ದರೆ ಮುಗಿಯಿತು. ಸೊಹೈಲನಿಗೆ ಒಂದು ವರ್ಷ ಹಾಳು, ಹೊಸದುರ್ಗದ ಕೆಲಸ ಬೇರೆಯವರ ಪಾಲು.

ಕನಕರಾಜ್‌ಗೆ ಇನ್ನೆರಡು ತಿಂಗಳಿಗೆ ನಿವೃತ್ತಿ. ಹಾರ, ಶಾಲು, ನಾಲ್ಕು ಒಳ್ಳೆಯ ಮಾತು. ಮರ್ಯಾದೆಯಾಗಿ ಮನೆಗೆ ಹೋಗಿ ಕೂತುಕೊಳ್ಳಬಹುದಿತ್ತು. ಅವರು ಪೆನ್ನು ತೆಗೆದರು. ಸೊಹೈಲ್ ಅವರನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಮೇಷ್ಟ್ರ ಹೆಸರು ಕೆಡಿಸಿದೆನಲ್ಲ ಎಂಬ ನಾಚಿಕೆ ಇತ್ತು. ಅದನ್ನು ನೋಡಿ ಕನಕರಾಜ್ ಪೆನ್ನು ಕೆಳಗಿಟ್ಟರು.

"ಆ ಬಾವಿನ ಯಾರೂ ಮುಚ್ಚಿಲ್ಲ ಮೇಡಂ," ಅಂದರು ಕನಕರಾಜ್, "ಅಲ್ಲಿ ಯಾವತ್ತೂ ಬಾವಿನೇ ಇರ್ಲಿಲ್ಲ, ಇಪ್ಪತ್ತೆರಡು ಅಳೆದು ಸಾಕಾಗಿ, ಹಿರಿಯೂರು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಂತು, ಅದೊಂದನ್ನ ನಾನೇ ಪೆನ್ನಲ್ಲಿ ತೋಡಿದ್ದೆ."