ಅಕ್ಕನ ರೇಷ್ಮೆ ರವಿಕೆ

ಮೊಮ್ಮಗಳು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟರೆ, ಆ ವಾಸನೆಗೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಆಗ ನಾನು ಮಧುಗಿರಿಯಲ್ಲಿ ಎಂಟನೆಯ ತರಗತಿ. ಅಕ್ಕ ಹೆರಿಗೆಯಲ್ಲಿ ಸತ್ತು ತಿಂಗಳಾಗಿತ್ತು. ಅವಳ ಕೂಸನ್ನು ಸಾಕಲು ನನ್ನನ್ನೇ ಭಾವನಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅವ್ವ ಅಕ್ಕನ ರೇಷ್ಮೆ ರವಿಕೆ ಕೈಗೆ ಕೊಟ್ಟು, "ಮದ್ವೆಗೆ ಹೊಸದ್ಯಾಕೆ? ಹೊಲಿಗೆ ಕ್ಲಾಸಲ್ಲಿ ನಿನ್ನಳ್ತೆಗೆ ಹಿಡ್ದು ಹೊಲ್ಕೊಂಡ್ ಬಾ" ಎಂದಿದ್ದಳು.

ಕಂಕುಳ ಬಳಿ ಅಕ್ಕನ ಬೆವರಿಗೆ ಬಟ್ಟೆ ಬಿರುಸಾಗಿತ್ತು. ಕ್ಲಾಸಿನಲ್ಲಿ ನಾನು ಬೇಕೆಂದೇ ಸೊಟ್ಟಗೆ ಹೊಲಿದೆ. ರವಿಕೆ ಕೆಟ್ಟರೆ ಮದುವೆಯೂ ನಿಲ್ಲುತ್ತದೆ ಎಂದುಕೊಂಡಿದ್ದೆ.

ಪಕ್ಕದ ಹುಡುಗಿ ನಕ್ಕಳು. "ಲೇ, ಇದ್ರೊಳಗೆ ನಿನ್ನಂಥೋರು ಇಬ್ರು ಹಿಡೀತಾರೆ ಕಣೇ!"

ಹೊಲಿಗೆ ಟೀಚರಮ್ಮ ಬಂದು, "ಯಾರದಮ್ಮ ಇದು?" ಎಂದರು.

"ಸತ್ತೋದ ಅಕ್ಕಂದು. ಇದನ್ನ ನಂಗೆ ತೊಡ್ಸಿ ಭಾವನ್ಗೆ ಕೊಡ್ತಾರಂತೆ. ನಂಗ್ ಬ್ಯಾಡ ಟೀಚರಮ್ಮ. ನೀವಾದ್ರೂ ಅವ್ವಂಗೆ ಹೇಳಿ."

ಅವರು ರವಿಕೆಯನ್ನು ತಿರುವಿ ನನ್ನ ಹೊಲಿಗೆ ನೋಡಿದರು.

"ಮನೆಯವ್ರ ಮಾತಿಗೆ ನಾನೇನ್ ಹೇಳ್ಲಿ ಮಗಾ? ಕೊಡಿಲ್ಲಿ."

ನನ್ನ ಸೊಟ್ಟ ಹೊಲಿಗೆಯನ್ನೆಲ್ಲ ಬಿಚ್ಚಿ, ಎಣ್ಣೆ ಬಿಟ್ಟ ಮಿಷನ್ನಿನ ಮುಂದೆ ತಾವೇ ಕೂತರು. ಹೊಲಿದು ಮುಗಿಸಿ, "ಒಳಗೆ ಬಟ್ಟೆ ಬಿಟ್ಟಿದೀನಿ. ನೀನಿನ್ನೂ ಬೆಳೀತೀಯ" ಎಂದರು.

ಸಂಜೆ ಅವ್ವ ಅದನ್ನು ನನಗೆ ತೊಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಈಗ್ ಸರ್ಯಾಯ್ತು ಕಣಮ್ಮ" ಎಂದಳು.

ಎಲ್ಲೂ ಒಂದು ಸುಕ್ಕಿರಲಿಲ್ಲ.