ನಕ್ಷತ್ರ ಬೀಳದ ಸಾಲು

ಬೆಳಿಗ್ಗೆ ಪ್ರಿಂಟರಿನಿಂದ ಬಂದ ಹಾಳೆಯ ಕೊನೆಯ ಸಾಲನ್ನು ಓದಿ ದನದ ಡಾಕ್ಟರ್ ಮೋಹನ್‌ಕುಮಾರ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ನಿಂತುಬಿಟ್ಟ. ‘ಕೊರವಂಗಲ, ಹೊನ್ನಕ್ಕನ ಮನೆ. ಕೆಂಪು ಹಸು ಏಳುತ್ತಿಲ್ಲ.’ ಹೊನ್ನಕ್ಕ ಅವನ ಹೆಂಡತಿ ರೂಪಶ್ರೀಯ ಅಕ್ಕ. ಅಕ್ಕತಂಗಿಯರ ನಡುವೆ ಮಾತು ನಿಂತು ಎರಡು ವರ್ಷವಾಗಿತ್ತು. ಅಂಥ ಹೊನ್ನಕ್ಕ ಫೋನ್ ಮಾಡಿದ್ದಾಳೆ, ರೂಪಶ್ರೀ ಅದನ್ನು ಬರೆದುಕೊಂಡಿದ್ದಾಳೆ! ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ಬಾಗಿಲು ತಟ್ಟಿ ಕೇಳೋಣವೆಂದು ಹೋದವನು, ಕೇಳಿದರೆ ಎಲ್ಲಿ ಹೋಗಬೇಡಿ ಎಂದುಬಿಡುವಳೋ ಎಂದು ಹಿಂದಕ್ಕೆ ಬಂದು, ಔಷಧಿಯ ಬ್ಯಾಗು ಹೆಗಲಿಗೇರಿಸಿ ಬೈಕು ಹತ್ತಿದ.

ಆ ಹಾಳೆ ಅವನೇ ಮಾಡಿಕೊಂಡ ಏರ್ಪಾಟು. ಮನೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ನೋಟ್‌ಪ್ಯಾಡಿನಲ್ಲಿ ಒಂದು ಫೈಲು ತೆರೆದಿದ್ದ. ಮನೆಯ ಫೋನಿಗೆ ಬಂದ ಕರೆಗಳನ್ನೆಲ್ಲ ರೂಪಶ್ರೀ ಅದರಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆದಿಡುತ್ತಿದ್ದಳು. ಅಡ್ಡಗೆರೆಯಿಂದ ಶುರುವಾದ ಸಾಲೆಂದರೆ ಅವನು ಹೋಗಬೇಕಾದ ಮನೆ. ಅಂಥ ಸಾಲುಗಳನ್ನಷ್ಟೇ ಆರಿಸಿ ಪ್ರಿಂಟ್ ಮಾಡುವ ಪುಟ್ಟದೊಂದು ಪ್ರೋಗ್ರಾಮನ್ನು ಪುಸ್ತಕ ನೋಡಿ ತಾನೇ ಬರೆದಿದ್ದ. ಬರಬರುತ್ತಾ ರೂಪಶ್ರೀ ಎದ್ದ ಕೂಡಲೇ ತಾನು ಕಂಡ ಕನಸುಗಳನ್ನೂ ಅದೇ ಫೈಲಿನಲ್ಲಿ ಬರೆಯತೊಡಗಿದಳು. ಅವನು ನಕ್ಕು, ಕನಸಿನ ಸಾಲಿಗೆ ಮೊದಲು ನಕ್ಷತ್ರದ ಗುರುತು ಹಾಕುವುದನ್ನು ಹೇಳಿಕೊಟ್ಟ. ನಕ್ಷತ್ರವಿದ್ದದ್ದು ಹಾಳೆಗೆ ಬರುತ್ತಿರಲಿಲ್ಲ.

ಹಾಸನ ದಾಟುವಷ್ಟರಲ್ಲಿ ಮಂಜು ದಟ್ಟವಾಯಿತು. ರಾಗಿ ಹೊಲಗಳು ಕತ್ತಿನ ತನಕ ಮುಳುಗಿದ್ದವು. ಎದುರಿಗೆ ಬಂದ ಎತ್ತಿನ ಗಾಡಿಗೆ ಚಕ್ರಗಳೇ ಇರಲಿಲ್ಲ. ಅದು ಸದ್ದಿಲ್ಲದೆ ತೇಲಿಕೊಂಡು ಹೋಯಿತು. ಕೊರವಂಗಲದ ಗುಡಿಯ ಶಿಖರವೊಂದೇ ಮೇಲೆ ಕಾಣುತ್ತಿತ್ತು, ಕೆಳಗೆ ಊರಿತ್ತೋ ಇಲ್ಲವೋ. ಬೇರೆ ಯಾರದೋ ನಿದ್ದೆಯೊಳಕ್ಕೆ ಬೈಕು ಬಿಟ್ಟುಕೊಂಡು ಹೋಗುತ್ತಿರುವಂತೆ ಅವನಿಗೆ ಅನ್ನಿಸಿತು.

ಹೊನ್ನಕ್ಕ ಕೊಟ್ಟಿಗೆಯ ಮುಂದೆ ಸಗಣಿ ಬಾಚುತ್ತಿದ್ದಳು. ಅವಳ ಹಿಂದೆ ಕೆಂಪು ಹಸು ನೆಟ್ಟಗೆ ನಿಂತು ಹುಲ್ಲು ತಿನ್ನುತ್ತಿತ್ತು.

“ಏನ್ ಡಾಕ್ಟ್ರೇ, ಇಷ್ಟೊತ್ತಿಗೇ?”

“ಹಸ ಏಳ್ತಿಲ್ಲ ಅಂತ ಫೋನ್ ಮಾಡಿದ್ರಲ್ಲ, ಹೊನ್ನಕ್ಕ?”

“ನಾನ್ಯಾಕೆ ಮಾಡ್ಲಿ? ಅಲ್ಲೇ ನಿಂತದೆ ನೋಡಿ. ಯಾರೇಳಿದ್ದು ನಿಮ್ಗೆ?”

ಅವನು ಹಾಳೆ ತೆಗೆದು ಆ ಸಾಲನ್ನು ಓದಿದ. ಹೊನ್ನಕ್ಕನ ಮುಖ ಬಿಗಿದುಕೊಂಡಿತು.

“ಅವ್ಳು ಬರ್ದಿದ್ದಾ? ಅವ್ವನ್ನ ನಾನೇ ಸಾಯಿಸ್ದೆ ಅಂದಿದ್ಲು. ಈಗ ಅವ್ವನ ಹಸಾನೂ ಬೀಳಿಸ್ಬುಟ್ಲಾ?”

ಅತ್ತೆ ನಂಜಮ್ಮ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದದ್ದು ಇದೇ ಮನೆಯಲ್ಲಿ. ಹೊತ್ತು ಹೊತ್ತಿಗೆ ಎತ್ತಿ ಕೂರಿಸಿದವಳು, ತೊಳೆದು ಒರೆಸಿದವಳು ಹೊನ್ನಕ್ಕ. ಅವಳು ತೀರಿಕೊಂಡ ಹನ್ನೊಂದನೆಯ ದಿನ ರೂಪಶ್ರೀ ನೆಂಟರೆಲ್ಲರ ಎದುರಿಗೇ, “ನೀನು ಸರಿಯಾಗಿ ನೋಡ್ಕೊಂಡಿದ್ರೆ ಅವ್ವ ಎದ್ದು ಓಡಾಡ್ತಿದ್ಲು” ಎಂದುಬಿಟ್ಟಿದ್ದಳು. ಆಡಿದ ಮಾತು ಆಮೇಲೆ ಯಾರು ಎಳೆದರೂ ಹಿಂದಕ್ಕೆ ಬರಲಿಲ್ಲ.

ಅವನು ಜೇಬಿನಿಂದ ಮೊಬೈಲು ತೆಗೆದು ಮನೆಗೆ ಫೋನ್ ಮಾಡಿದ. ಆ ನಿಶ್ಶಬ್ದದಲ್ಲಿ ಆಚೆಯ ದನಿ ಅಂಗಳಕ್ಕೆಲ್ಲ ಕೇಳುತ್ತಿತ್ತು.

“ರೂಪಾ, ಕೊರವಂಗಲದಿಂದ ಯಾರು ಫೋನ್ ಮಾಡಿದ್ರು?”

“ಅಯ್ಯೋ, ಅಲ್ಲಿಗೆ ಹೋದ್ರಾ? ಅದು ಫೋನಲ್ಲ ರೀ. ಕನಸು.”

“ಕನಸಾ? ಫೈಲು ತೆಗೆದು ನೋಡು. ಸಾಲಿನ ಮುಂದೆ ಏನಿದೆ?”

ಆಚೆ ಕುರ್ಚಿ ಎಳೆದ ಸದ್ದಾಯಿತು. “ಅಡ್ಡಗೆರೆ ಇದೆ.”

“ಕನಸಿಗೆ ನಕ್ಷತ್ರ ಹಾಕು ಅಂದಿದ್ನಲ್ಲ ಮಾರಾಯ್ತಿ!”

“ನಕ್ಷತ್ರ ಇರೋ ಎಂಟನೇ ಅಂಕಿ ಕೀ ನಿನ್ನೆಯಿಂದ ಕೆಲಸ ಮಾಡ್ತಿಲ್ಲ. ಎಷ್ಟು ಒತ್ತಿದ್ರೂ ನಕ್ಷತ್ರ ಬೀಳ್ಲಿಲ್ಲ. ಬರೀದೆ ಬಿಟ್ರೆ ಮರ್ತೋಗುತ್ತೆ ಅಂತ ಕೈಗೆ ಸಿಕ್ಕಿದ್ದು ಹಾಕ್ದೆ. ಪ್ರಿಂಟ್ ಆಗುತ್ತೆ ಅನ್ನೋದು ಹೊಳೀಲೇ ಇಲ್ಲ.” ಅವಳ ದನಿ ಸಣ್ಣಗಾಯಿತು. “ನಾನು ಆ ಹಸೂನ ಎತ್ತೋಕೆ ನೋಡ್ತಾ ಇದ್ದೆ ರೀ. ಆಗ್ತಾನೇ ಇರ್ಲಿಲ್ಲ. ಬಂದೋರಿಗೆಲ್ಲ ಹೇಳ್ತಾ ಇದ್ದೆ, ಇದು ನಮ್ಮಕ್ಕನ ಕೈಗೆ ಮಾತ್ರ ಏಳೋದು, ನಮ್ಮಕ್ಕನ್ನ ಕರೀರಿ ಅಂತ. ಒಬ್ರೂ ಹೋಗಿ ಕರೀಲಿಲ್ಲ.”

ಮೋಹನ್‌ಕುಮಾರ್ ತಲೆಯೆತ್ತಿ ನೋಡಿದ. ಹೊನ್ನಕ್ಕ ಬಾಚುವುದನ್ನು ಬಿಟ್ಟು ನಿಂತಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದಳು. ಅವನು ಫೋನು ಕೊಟ್ಟ.

ಅವಳು ಅದನ್ನು ಕಿವಿಗಿಡಲಿಲ್ಲ. ಹಸುವಿನ ಬಳಿಗೆ ಹೋಗಿ, ಮೇಯುತ್ತಿದ್ದ ಅದರ ಬಾಯಿಗೆ ಹಿಡಿದಳು. ಹುಲ್ಲು ಕರಕರ ಎನ್ನುತ್ತಿತ್ತು. ಬಿಸಿಯುಸಿರು ಹೊಗೆಯಾಗಿ ಫೋನನ್ನು ಸುತ್ತಿಕೊಂಡು ಮಂಜಿನಲ್ಲಿ ಸೇರಿಹೋಗುತ್ತಿತ್ತು. “ಹಲೋ? ರೀ?” ಎಂದ ರೂಪಶ್ರೀ ತಟ್ಟನೆ ಸುಮ್ಮನಾದಳು. ಅತ್ತ ಹಾಸನದಲ್ಲಿ ಒಬ್ಬಳು, ಇತ್ತ ಕೊಟ್ಟಿಗೆಯಲ್ಲಿ ಒಬ್ಬಳು, ಇಬ್ಬರೂ ಒಂದು ಹಸು ಮೇಯುವುದನ್ನು ಕೇಳುತ್ತ ಬಹಳ ಹೊತ್ತು ನಿಂತರು. ಫೋನಿನೊಳಗಿಂದ ಮೂಗೆಳೆದುಕೊಂಡ ಸದ್ದು ಬಂತು.

ಹೊನ್ನಕ್ಕ ಫೋನನ್ನು ತನ್ನ ಬಾಯಿಯ ಹತ್ತಿರಕ್ಕೆ ತಂದುಕೊಂಡಳು.

“ಕೇಳುಸ್ತಾ? ಚೆನ್ನಾಗದೆ ಕಣೇ. ಇನ್ಮ್ಯಾಕೆ ಒಬ್ಳೇ ಎತ್ತೋಕೆ ಓಗ್ಬ್ಯಾಡ, ಸೊಂಟ ಮುರ್ಕಂಡೀಯೆ.”